ಡೆಲ್ಟಾರೂನ್ 3-4ನೇ ಚಾಪ್ಟರ್: ಡೆಮೊದ ಸೇವ್ ಇದೆ, ಜೆವಿಲ್ ಬಿಟ್ಟುಹೋಗಿದೆ. ಎಲ್ಲಿಂದ ಶುರು ಮಾಡೋದು?

ಚೌಕಾಬಾರ:

ಡೆಲ್ಟಾರೂನ್ ಅನ್ನೋ ವಿಡಿಯೋ ಗೇಮಿನ ಪೂರ್ತಿ ಆವೃತ್ತಿ ಸ್ಟೀಮ್‌ನಲ್ಲಿ ಕೊಂಡಾಯ್ತು. ಡೆಮೊದಲ್ಲಿ ಮುಗಿಸಿದ 1 ಮತ್ತು 2ನೇ ಚಾಪ್ಟರ್ ಇದೇ ವಿಂಡೋಸ್ ಲ್ಯಾಪ್‌ಟಾಪಿನಲ್ಲಿದೆ. ಎರಡನೇದರ ಗುಟ್ಟಿನ ಬಾಸ್ ಸ್ಪ್ಯಾಮ್ಟನ್ ನಿಯೋನ ಸೋಲಿಸಿದ್ದೀನಿ. ಒಂದನೇದರ ಗುಟ್ಟಿನ ಬಾಸ್ ಜೆವಿಲ್ ಹತ್ತಿರ ಹೋಗೇ ಇಲ್ಲ.

ಕೇಳಬೇಕಾದ್ದು ಮೂರು. ಡೆಮೊ ಸೇವ್ ತಾನಾಗೇ ಬರುತ್ತಾ? ಈಗ ಒಂದನೇ ಚಾಪ್ಟರಿಗೆ ವಾಪಸ್ ಹೋಗಿ ಜೆವಿಲ್‌ನ ಮುಗಿಸಿ ಬಂದರೆ ಮೂರನೇದಕ್ಕೆ ಲೆಕ್ಕ ಸಿಗುತ್ತಾ? ಇನ್ನೊಂದು, ದೊಡ್ಡ ಫೈಟ್‌ಗಳಲ್ಲಿ ನನ್ನ ಟೀಮಿನ ರಾಲ್ಸೆಗೆ ಹೀಲ್ ಮಾಡೋಕೆ ಟಿಪಿ (ಮ್ಯಾಜಿಕ್‌ಗೆ ಖರ್ಚಾಗೋ ಪಾಯಿಂಟ್) ಇರೋದೇ ಇಲ್ಲ, ಅಷ್ಟರಲ್ಲಿ ನಾನು ಆಡೋ ಕ್ರಿಸ್ ಬಿದ್ದಿರುತ್ತೆ. ಎಲ್ಲಿ ತಪ್ಪಾಗ್ತಿದೆ?

3 ಮತ್ತು 4ರ ಕಥೆ ದಯವಿಟ್ಟು ಯಾರೂ ಹೇಳಬೇಡಿ.

ಹಳೇಪೆಟ್ಟಿಗೆ:

ಮೊದಲನೇದು ಸುಲಭ. ಡೆಮೊ, ಪೂರ್ತಿ ಆವೃತ್ತಿ ಎರಡೂ ಒಂದೇ ಫೋಲ್ಡರಿನಿಂದ ಸೇವ್ ಓದುತ್ತವೆ, ನೀವೇನೂ ಮಾಡಬೇಕಾಗಿಲ್ಲ. ಆದರೂ ಶುರು ಮಾಡೋ ಮುಂಚೆ ಒಂದು ಕಾಪಿ ಇಟ್ಟುಕೊಳ್ಳಿ. ಫೈಲ್ ಎಕ್ಸ್‌ಪ್ಲೋರರಿನಲ್ಲಿ ನಿಮ್ಮ ಯೂಸರ್ ಫೋಲ್ಡರ್, ಅದರೊಳಗೆ ಆಪ್‌ಡೇಟಾ, ಲೋಕಲ್, ಡೆಲ್ಟಾರೂನ್. ಆಪ್‌ಡೇಟಾ ಕಾಣಿಸದಿದ್ದರೆ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್‌ಗೆ ಟಿಕ್ ಹಾಕಿ. ಡೆಲ್ಟಾರೂನ್ ಫೋಲ್ಡರನ್ನ ಇಡಿಯಾಗಿ ಕಾಪಿ ಮಾಡಿ. ಬರೀ ಸೇವ್ ಫೈಲ್ ಎತ್ತಿಕೊಂಡು 'ಡಿಆರ್' ಅನ್ನೋ ಐಎನ್‌ಐ ಫೈಲ್ ಬಿಟ್ಟರೆ ಆಮೇಲೆ ಮೆನುವಿನಲ್ಲಿ ಸ್ಲಾಟ್ ಖಾಲಿ ಅಂತ ತೋರಿಸುತ್ತೆ, ಸುಮ್ಮನೆ ಎದೆ ಒಡೆದುಹೋಗುತ್ತೆ.

ಎರಡನೇ ಪ್ರಶ್ನೆಗೆ ಉತ್ತರ ಆ ಫೋಲ್ಡರಿನಲ್ಲೇ ಇದೆ. ಪ್ರತಿ ಚಾಪ್ಟರಿಗೂ ಎರಡು ಥರದ ಫೈಲ್. ಹೆಸರಿನ ಕೊನೆಯಲ್ಲಿ 0, 1, 2 ಇರೋವು ನೀವು ಸೇವ್ ಪಾಯಿಂಟಿನಲ್ಲಿ ಮಾಡಿದ ಮಾಮೂಲಿ ಸೇವ್. 3, 4, 5 ಇರೋವು ಚಾಪ್ಟರ್ ಮುಗಿದಾಗ ಆಟವೇ ಬರೆದಿಡೋ 'ಮುಗಿದ' ಸೇವ್. ಮುಂದಿನ ಚಾಪ್ಟರ್ ಶುರುವಾಗೋವಾಗ ಹಿಂದಿನದರ ಮುಗಿದ ಸೇವನ್ನ ಒಂದೇ ಒಂದು ಸಲ ಓದಿ, ಅದರಲ್ಲಿರೋ ಐಟಮ್, ಆಯ್ಕೆ ಎಲ್ಲಾನೂ ತನ್ನೊಳಗೆ ಎಳೆದುಕೊಳ್ಳುತ್ತೆ. ಅಲ್ಲಿಗೆ ನಂಟು ಮುಗೀತು. ಆಮೇಲೆ ನೀವು ಹಿಂದಕ್ಕೆ ಹೋಗಿ ಏನು ತಿದ್ದಿದರೂ ಮುಂದಿನದಕ್ಕೆ ಗೊತ್ತಾಗಲ್ಲ.

ಅಂದರೆ ಈಗ ಜೆವಿಲ್‌ನ ಸೋಲಿಸಿದರೆ ತಿದ್ದುಪಡಿ ಆಗೋದು ಒಂದನೇದರ ಮುಗಿದ ಸೇವ್ ಮಾತ್ರ. ಮೂರನೇದು ಓದೋದು ಎರಡನೇದರ ಮುಗಿದ ಸೇವನ್ನ, ಅದರಲ್ಲಿ ಜೆವಿಲ್ ಇನ್ನೂ ಜೈಲಲ್ಲೇ ಕೂತಿರ್ತಾನೆ. ಲೆಕ್ಕ ಸರಿಯಾಗಬೇಕು ಅಂದರೆ ಒಂದನೇದನ್ನ ತಿದ್ದಿ, ಮತ್ತೆ ಕೊನೇವರೆಗೆ ಆಡಿ ಮುಗಿಸಿ, ಎರಡನೇದನ್ನ ಖಾಲಿ ಸ್ಲಾಟಿನಲ್ಲಿ ಆ ಹೊಸ ಫೈಲಿನಿಂದ ಶುರು ಮಾಡಿ, ಅದನ್ನೂ ಮುಗಿಸಿ ಮೂರಕ್ಕೆ ಬರಬೇಕು. ಅಡ್ಡದಾರಿ ಇಲ್ಲ.

ಒಂದನೇದನ್ನ ಮೊದಲಿಂದ ಆಡೋದು ಮಾತ್ರ ಬೇಕಿಲ್ಲ. ಮಾಮೂಲಿ ಸೇವ್ ಹಾಗೇ ಉಳಿದಿರುತ್ತೆ. ಲೋಡ್ ಮಾಡಿ ನೋಡಿ, ರಾಜನ ಜತೆ ಫೈಟ್ ಆಗೋಕೆ ಮುಂಚಿನ ಜಾಗದಲ್ಲಿ ತೆರೆದುಕೊಂಡರೆ ಅಲ್ಲಿಂದಲೇ ಲಿಫ್ಟ್ ಹಿಡಿದು ಕೆಳಗೆ ಹೋಗಬಹುದು.

ಬಜ್ಜಿಬೋಂಡ:

ಟಿಪಿ ವಿಷಯ ನಾನು ಹೇಳ್ತೀನಿ ಗುರೂ. ಹತ್ತರಲ್ಲಿ ಎಂಟು ಜನ ಡಿಫೆಂಡ್ ಅನ್ನೋದನ್ನ ಕೈಲಾಗದವರ ಬಟನ್ ಅಂದ್ಕೊಂಡಿದ್ದಾರೆ. ಈ ಆಟದಲ್ಲಿ ಅದೇ ಪೆಟ್ರೋಲ್ ಬಂಕ್.

ಡಿಫೆಂಡ್ ಒತ್ತಿದರೆ 16% ಟಿಪಿ, ಜತೆಗೆ ಆ ಟರ್ನ್‌ನಲ್ಲಿ ಬೀಳೋ ಏಟು ಮೂರರಲ್ಲಿ ಒಂದು ಭಾಗ ಕಮ್ಮಿ. ರಾಲ್ಸೆಯ ಹೀಲ್ ಪ್ರೇಯರಿಗೆ 32%, ದಣಿದ ಶತ್ರುವನ್ನ ಮಲಗಿಸೋ ಪ್ಯಾಸಿಫೈಗೆ 16%. ಅಂಕಿ ನೋಡಿದರೇ ಗೊತ್ತಾಗುತ್ತೆ, ಆಟ ಮಾಡಿದವರು ಬೇಕಂತಲೇ ಹೀಗೆ ಹೊಂದಿಸಿದ್ದಾರೆ. ಮುಖ್ಯ ಗುಟ್ಟು ಏನಂದರೆ, ಟಿಪಿ ಏರೋದು ಟರ್ನ್ ಮುಗಿದ ಮೇಲಲ್ಲ, ನೀವು ಡಿಫೆಂಡ್ ಆರಿಸಿದ ಕ್ಷಣಾನೇ. ಎಡಗಡೆಯ ಕಿತ್ತಳೆ ಪಟ್ಟಿ ನೋಡ್ತಾ ಇರಿ, ಒತ್ತಿದ ತಕ್ಷಣ ಮೇಲಕ್ಕೆ ಹೋಗುತ್ತೆ. ಟೀಮಿನ ಮೂವರಲ್ಲಿ ಆರಿಸೋ ಸರದಿ ಕ್ರಿಸ್, ಸೂಸಿ, ಕೊನೆಗೆ ರಾಲ್ಸೆ. ಕ್ರಿಸ್ ಡಿಫೆಂಡ್, ಸೂಸಿ ಡಿಫೆಂಡ್, ಆಯ್ತು 32%, ಅದೇ ಟರ್ನ್‌ನಲ್ಲಿ ರಾಲ್ಸೆ ಹೀಲ್. ಟಿಪಿ ಸೊನ್ನೆ ಇದ್ದರೂ ನಡೆಯುತ್ತೆ.

ಇದು ಗೊತ್ತಿಲ್ಲದೆ ಸೂಸಿ ಕೈಲಿ ರೂಡ್ ಬಸ್ಟರ್ ಅನ್ನೋ ದೊಡ್ಡ ಏಟು ಹೊಡೆಸಿದರೆ 50% ಒಂದೇ ಸಲಕ್ಕೆ ಹೋಯ್ತು. ಹೊಡೆಸೋದೇ ಆದರೆ ಕೊಡಲಿಯ ಅಲೆ ಶತ್ರುಗೆ ತಗುಲೋ ಕ್ಷಣಕ್ಕೆ ಸರಿಯಾಗಿ ಜೆಡ್ ಒತ್ತಿ, ಏಟು ಇನ್ನೂ ಜೋರಾಗಿ ಬೀಳುತ್ತೆ. ಎರಡನೇ ಚಾಪ್ಟರಿನಲ್ಲಿ ಸೂಸಿ ಕಲಿಯೋ ಅಲ್ಟಿಮೇಟ್ ಹೀಲ್ ನಂಬಿ ಕೂರಬೇಡಿ. 100% ತಿಂದು ಉಪ್ಪಿನಕಾಯಿ ನೆಕ್ಕಿದಷ್ಟು ವಾಪಸ್ ಕೊಡುತ್ತೆ, ಅದು ಆಟದವರು ಮಾಡಿದ ತಮಾಷೆ.

ಉಳಿದ ಟಿಪಿ ಬರೋದು ಶತ್ರುವಿನ ಗುಂಡು ಸವರಿಕೊಂಡು ಹೋದಾಗ. ಪೆಟ್ಟಿಗೆ ಮೂಲೆ ಸೇರಿಕೊಂಡರೆ ಜೀವ ಉಳಿಯಬಹುದು, ಟಿಪಿ ಬರಲ್ಲ. ಗುಂಡಿನ ಪಕ್ಕದಲ್ಲೇ ಹೋದರೆ ನೀವು ಆಡಿಸೋ ಹೃದಯದ ಸುತ್ತ ಒಂದು ಅಂಚು ಮಿಂಚುತ್ತೆ, ಆಗ ಟಿಪಿ ಏರುತ್ತೆ, ಶತ್ರುವಿನ ಸರದಿಯೂ ಒಂಚೂರು ಬೇಗ ಮುಗಿಯುತ್ತೆ. ಕಿಷ್ಕಿಂಧೆಯಂಥ ಜಾಗದಲ್ಲಿ ಎಕ್ಸ್ ಒತ್ತಿ ಹಿಡಿದರೆ ಹೃದಯ ನಿಧಾನಕ್ಕೆ ಸರಿಯುತ್ತೆ. ಕೆಲವರು ಓಡೋದಕ್ಕೆ ಎಕ್ಸ್ ಹಿಡಿದು ಹಿಡಿದು ರೂಢಿಯಾಗಿ ಫೈಟ್‌ನಲ್ಲೂ ಬಿಡಲ್ಲ, ಆಮೇಲೆ ಹೃದಯ ಯಾಕೋ ಓಡ್ತಾನೇ ಇಲ್ಲ ಅಂತಾರೆ. ಸೆಟ್ಟಿಂಗ್ಸಿನಲ್ಲಿ ಆಟೋ ರನ್ ಹಾಕಿಬಿಟ್ಟರೆ ಈ ತಾಪತ್ರಯ ಇರಲ್ಲ.

ಕುಡ್ಲದ_ಕೀಬೋರ್ಡ್:

ಮೇಲಿನವರು ಹೇಳಿದ್ದು ಸರಿಯೇ, ಆದ್ರೆ ಒಂದು ಜೆವಿಲ್‌ಗೋಸ್ಕರ ಎರಡು ಚಾಪ್ಟರ್ ಮತ್ತೆ ಆಡ್ಲಿಕ್ಕೆ ಯಾಕೆ ಹೇಳುವುದು ಮಾರಾಯ್ರೆ? ಗುಟ್ಟಿನ ಬಾಸ್‌ಗಳ ಲೆಕ್ಕ ಅವರನ್ನು ಸೋಲಿಸಿದಾಗ ಸಿಗುವ ಶ್ಯಾಡೋ ಕ್ರಿಸ್ಟಲ್‌ನಲ್ಲಿ ಉಂಟು, ಅಂಗಡಿಯ ಸೀಮ್ ಅದನ್ನು ಕೇಳ್ತಾನೆ, ಅಷ್ಟೇ. ನಾಲ್ಕನೇ ಚಾಪ್ಟರ್ ಮುಗಿಯುವವರೆಗೆ ಅದಿಲ್ಲದೆ ಕಥೆ ಎಲ್ಲಿಯೂ ನಿಲ್ಲುವುದಿಲ್ಲ. ಆಟ ಇರುವುದು ಒಟ್ಟು ಏಳು ಚಾಪ್ಟರ್. ಮೊದಲನೇದು 2018ರ ಅಕ್ಟೋಬರ್, ಎರಡನೇದು 2021ರ ಸೆಪ್ಟೆಂಬರ್, 3 ಮತ್ತು 4 ಒಟ್ಟಿಗೆ 2025ರ ಜೂನ್. ಈ ನಡಿಗೆಯಲ್ಲಿ ಕೊನೆಯದು ಬರುವಷ್ಟರಲ್ಲಿ ಎಲ್ಲರೂ ಒಂದನೇದರಿಂದ ಇನ್ನೊಮ್ಮೆ ಆಡಿಯೇ ಆಡ್ತಾರೆ. ಜೆವಿಲ್‌ನನ್ನು ಆಗ ನೋಡಿಕೊಂಡರೆ ಆಯಿತು. ಮುಂದಿನ ಚಾಪ್ಟರ್‌ಗಳಿಗೆ ಬೇರೆ ದುಡ್ಡು ಕೊಡ್ಲಿಕ್ಕಿಲ್ಲ, ಈಗ ಕೊಂಡದ್ದಕ್ಕೇ ಅಪ್‌ಡೇಟ್ ಆಗಿ ಬರ್ತದೆ.

ಮೂರನೇದಕ್ಕೆ ಕಥೆ ಹೇಳದೆ ಎರಡು ಮಾತು. ಇದು ಟಿವಿಯ ಗೇಮ್ ಶೋ. ರೌಂಡ್ ಮುಗಿದ ಮೇಲೆ ಗ್ರೀನ್ ರೂಮಿಗೆ ಬಿಡ್ತಾರೆ. ಅಲ್ಲಿ ಬಾಗಿಲು ಕಂಡ ಕೂಡಲೇ ಮುಂದಿನ ರೌಂಡಿಗೆ ಓಡಬೇಡಿ. ಪ್ರತಿಯೊಬ್ಬನ ಹತ್ತಿರ ಎರಡೆರಡು ಸಲ ಮಾತಾಡಿ, ಮೂಲೆಮೂಲೆ ತಡಕಿ. ಈ ಚಾಪ್ಟರಿನ ಗುಟ್ಟು ಶುರುವಾಗುವುದೇ ರೌಂಡ್‌ಗಳ ನಡುವಿನ ಆ ಬಿಡುವಿನಲ್ಲಿ. ಕೊನೆಗೆ ಒಂದು ಫೈಟ್ ಉಂಟು, ಅದರಲ್ಲಿ ಸೋತರೂ ಗೇಮ್ ಓವರ್ ಇಲ್ಲ, ಕಥೆ ಸುಮ್ಮನೆ ಮುಂದೆ ಹೋಗ್ತದೆ. ಗೆಲ್ಲಬೇಕು ಅಂತ ಹಠ ಇದ್ದವರಿಗೆ ಅಷ್ಟರಲ್ಲಿ ಸಮಯ ಮೀರಿರ್ತದೆ. ಹಾಗಾಗಿ ಸ್ಲಾಟ್ ಮೂರು ಇರುವಾಗ ಒಂದರಲ್ಲೇ ಬರೆಯುತ್ತಾ ಹೋಗಬೇಡಿ.

ಇನ್ನೊಂದು, ಬ್ಲೂಟೂತ್ ಹೆಡ್‌ಸೆಟ್ ತೆಗೆದಿಡಿ. ಮೂರನೇದರಲ್ಲಿ ತಾಳಕ್ಕೆ ಸರಿಯಾಗಿ ಬಟನ್ ಒತ್ತುವ ಆಟ ಉಂಟು. ಬ್ಲೂಟೂತಿನಲ್ಲಿ ಶಬ್ದ ಕಿವಿಗೆ ಬರುವುದೇ ತಡ. ನೀವು ಕಿವಿ ನಂಬಿ ಒತ್ತಿದ್ದು ಅಲ್ಲಿ ತಪ್ಪಿದ ಹಾಗೆ ಆಗ್ತದೆ. ವಯರ್ ಇರುವ ಇಯರ್‌ಫೋನ್ ಅಥವಾ ಲ್ಯಾಪ್‌ಟಾಪಿನ ಸ್ಪೀಕರ್ ಸಾಕು.

ಚೌಕಾಬಾರ:

ಎಲ್ಲರಿಗೂ ಥ್ಯಾಂಕ್ಸ್. ಲೋಡ್ ಮಾಡಿ ನೋಡಿದೆ, ಒಂದನೇ ಚಾಪ್ಟರಿನ ಸೇವ್ ಕಾರ್ಡ್ ಕ್ಯಾಸಲ್‌ನಲ್ಲಿ, ರಾಜನಿಗಿಂತ ಮುಂಚೇನೇ ಇದೆ. ಹಾಗಾಗಿ ಹಿಂದಕ್ಕೆ ಹೋಗೋದು ಅಂತ ತೀರ್ಮಾನ. ಜೆವಿಲ್‌ಗೆ ಏನೇನು ಬೇಕು? ಎರಡನೇದನ್ನ ಮತ್ತೆ ಆಡೋದಾದರೆ ರಿಕ್ರೂಟ್ (ಶತ್ರುಗಳನ್ನ ಹೊಡೆಯದೆ ನಮ್ಮ ಕಡೆ ಸೇರಿಸಿಕೊಳ್ಳೋದು) ಕೂಡ ಪೂರ್ತಿ ಮಾಡಬೇಕು ಅಂತಿದೆ. ಹೋದ ಸಲ ಒಂದೆರಡಕ್ಕೆ ಲಾಸ್ಟ್ ಅಂತ ಬಂತು.

ಹಳೇಪೆಟ್ಟಿಗೆ:

ಲಿಫ್ಟ್‌ನಲ್ಲಿ ಮೂರು ಪ್ರಶ್ನಾರ್ಥಕ ಚಿಹ್ನೆ ಇರೋ ಮಹಡಿ ಆರಿಸಿ. ಕೆಳಗೆ ಬೀಗ ಹಾಕಿದ ಬಾಗಿಲು, ಒಳಗಿನಿಂದ ಜೆವಿಲ್ ಮಾತಾಡ್ತಾನೆ. ಈ ಮಾತು ಆಗದೆ ಮುಂದಿನದು ಶುರುವಾಗಲ್ಲ. ಆಮೇಲೆ ಸೀಮ್ ಅಂಗಡಿಗೆ ಹೋಗಿ ಅವನ ಬಗ್ಗೆ ವಿಚಾರಿಸಿ. ಒಡೆದ ಕೀಯ ಮೂರು ತುಂಡು ಹುಡುಕಿ ಮಾಲಿಯಸ್ ಅನ್ನೋ ಸುತ್ತಿಗೆ ತಲೆಯ ಕಮ್ಮಾರನಿಗೆ ಕೊಟ್ಟರೆ ಜೋಡಿಸಿ ಕೊಡ್ತಾನೆ. ತುಂಡು ಎಲ್ಲಿವೆ ಅಂತ ಬರೆಯಲ್ಲ, ಹುಡುಕೋದೇ ಅರ್ಧ ಮಜಾ. ಬ್ಯಾಗಿನಲ್ಲಿರೋದು 12 ಜಾಗ, ತುಂಬಿಕೊಂಡು ಹೋಗಿ. ಮುರಿದ ಕೇಕ್ ಇದ್ದರೆ ಅದನ್ನೂ ಮಾಲಿಯಸ್ ಸರಿ ಮಾಡ್ತಾನೆ. ಆ ಟಾಪ್ ಕೇಕನ್ನ ಯಜಮಾನನಿಗೆ ಒಪ್ಪಿಸದೆ ಇಟ್ಟುಕೊಂಡರೆ ಮೂವರಿಗೂ 160 ಎಚ್‌ಪಿ, ಅಂದರೆ ಜೀವದ ಪಾಯಿಂಟ್, ವಾಪಸ್. ಕದ್ದ ಕೇಕು ಅಂತ ಮನಸ್ಸು ಚುಚ್ಚಬಹುದು, ಜೆವಿಲ್ ಎದುರು ನಿಂತಾಗ ಚುಚ್ಚಲ್ಲ.

ಅವನ ಎಚ್‌ಪಿ 3500, ಒಂದನೇ ಚಾಪ್ಟರಿಗೆ ಅದು ಬಹಳ ಜಾಸ್ತಿ. ಹೊಡೆದೂ ಮುಗಿಸಬಹುದು, ಸುಸ್ತು ಮಾಡಿ ಕೊನೆಗೆ ಪ್ಯಾಸಿಫೈ ಕೂಡ ಮಾಡಬಹುದು. ಯಾವ ದಾರಿ ಹಿಡಿದಿರಿ ಅನ್ನೋದರ ಮೇಲೆ ಡೆವಿಲ್ಸ್‌ನೈಫ್ ಅಥವಾ ಜೆವಿಲ್ಸ್‌ಟೇಲ್, ಎರಡರಲ್ಲಿ ಒಂದು ಸಿಗುತ್ತೆ. ಡೆವಿಲ್ಸ್‌ನೈಫ್ ಸೂಸಿಗೆ ಹಾಕಿದರೆ ರೂಡ್ ಬಸ್ಟರ್ 50ರ ಬದಲು 40%ಕ್ಕೆ ಬೀಳುತ್ತೆ. ಜೆವಿಲ್ಸ್‌ಟೇಲ್ ಅಟ್ಯಾಕ್, ಡಿಫೆನ್ಸ್, ಮ್ಯಾಜಿಕ್ ಮೂರಕ್ಕೂ 2 ಸೇರಿಸುತ್ತೆ. ಹೀಲ್ ಮೇಲೆ ನಿಂತಿರೋರಿಗೆ ಬಾಲವೇ ಮೇಲು ಅನ್ನೋದು ನನ್ನ ಲೆಕ್ಕ.

ಎರಡನೇದು ಶುರು ಮಾಡೋವಾಗ ಒಂದನೇದರ ಯಾವ ಫೈಲ್ ಅಂತ ಕೇಳುತ್ತೆ. ಅವಸರದಲ್ಲಿ ಜೆಡ್ ಒತ್ತಿ 'ಫೈಲ್ ಬೇಡ' ಅಂದುಬಿಟ್ಟರೆ ಪಟ್ಟ ಪಾಡೆಲ್ಲ ನೀರಿಗೆ ಹೋದ ಹಾಗೆ.

ಶೇಂಗಾಚಟ್ನಿ:

ರಿಕ್ರೂಟ್ ಬಗ್ಗೆ ಯಾರೂ ಹೇಳ್ಲಿಲ್ಲಲ್ರೀ. ಲಾಸ್ಟ್ ಬರೂದು ಯಾಕಂದ್ರ, ಆ ಜಾತಿ ಶತ್ರು ಒಂದನ್ನರೆ ಹೊಡದು ಎಚ್‌ಪಿ ಸೊನ್ನೆ ಮಾಡೀರಿ. ಒಂದು ಹೋದ್ರ ಇಡೀ ಜಾತೀನೇ ಹೋತು. ಕೊನೀ ಗಳಿಗ್ಯಾಗ ಸೂಸಿ ಕೈಲೆ ಒಂದು ಏಟು ಹಾಕಿಸೂದ್ರಾಗ ಭಾಳ ಮಂದಿ ಎಡವ್ತಾರ. ಲಾಸ್ಟ್ ಅಂತ ಕಂಡ್ರ ಸೇವ್ ಮಾಡಬ್ಯಾಡ್ರಿ, ಹಂಗ ಆಟ ಮುಚ್ಚಿ ಹಳೇ ಸೇವ್ ತಗೀರಿ.

ಹೆಸರು ಹಳದಿ ಆದ್ರ ಸ್ಪೇರ್ (ಹೊಡೀದ ಬಿಡೂದು), ನೀಲಿ ಆದ್ರ ದಣದಾನ ಅಂತ ಅರ್ಥ, ರಾಲ್ಸೆ ಪ್ಯಾಸಿಫೈ ಮಾಡಬಹುದು. ಎರಡೂ ರಿಕ್ರೂಟ್ ಲೆಕ್ಕಕ್ಕ ಬರ್ತಾವ. ಇದನ್ನ ಒಂದನೇದ್ರಾಗ ಪಾನ್‌ಮನ್ ಮ್ಯಾಲೆ ಮಾಡಿ ನೋಡ್ರಿ. ಆ ಒಂಟಿಗಣ್ಣಿನ ಕಾಲಾಳುಗಳ ಗುಂಪು ಬಂದಾಗ ಕ್ರಿಸ್ ಜೋಗುಳ ಹಾಡಿದ್ರ ಎಲ್ಲಾರೂ ಒಮ್ಮೆಲೆ ತೂಕಡಸ್ತಾರ, ಹೆಸರು ನೀಲಿ ಆಗ್ತಾವ. ಒಂದು ಡಿಫೆಂಡ್ ಒತ್ತಿದ್ರ 16% ಆತು, ಒಂದು ಪ್ಯಾಸಿಫೈಗೆ ಸರೀ.

ಚೌಕಾಬಾರ:

ಒಂದೇ ಅನುಮಾನ ಉಳೀತು. ಎರಡನೇದನ್ನ ಹೊಸದಾಗಿ ಆಡೋವಾಗ ಸ್ಪ್ಯಾಮ್ಟನ್ ಕೆಲಸ ಯಾವಾಗಿನವರೆಗೆ ಬಾಕಿ ಇಡಬಹುದು?

ಹಳೇಪೆಟ್ಟಿಗೆ:

ಕ್ವೀನ್ ಮ್ಯಾನ್ಶನ್ನಿನ ಕೊನೇ ಫೈಟ್‌ಗೆ ಮುಂಚೆ ಮುಗಿಸಿ. ಅವನ ಅಂಗಡಿಯಲ್ಲಿ ಕೀಜೆನ್, ಅದರಿಂದ ಬೇಸ್‌ಮೆಂಟ್ ತೆರೆದು ಖಾಲಿ ಡಿಸ್ಕ್, ಅದನ್ನ ಅವನಿಗೆ ಕೊಟ್ಟು ತುಂಬಿಸಿಕೊಂಡು ಮತ್ತೆ ಬೇಸ್‌ಮೆಂಟಿಗೆ. ಸ್ಪ್ಯಾಮ್ಟನ್ ನಿಯೋನ ಎಚ್‌ಪಿ 4809. ಜೆಡ್ ಒತ್ತಿ ಹಿಡಿದು ಬಿಟ್ಟರೆ ದೊಡ್ಡ ಗುಂಡು, ಮರೆತಿದ್ದರೆ ನೆನಪಿರಲಿ.