ಅಪ್‌ಡೇಟ್: ಕೊನೆಗೂ ಎಂಎಸ್ಸಿಗೇ ಸೇರಿದೆ

ಬಿಎಸ್ಸಿ ಮುಗಿಸಿ ಮೆಡಿಕಲ್ ಕೋಡಿಂಗ್ (ರೋಗಿಗಳ ದಾಖಲೆ ಓದಿ ಕಾಯಿಲೆ, ಚಿಕಿತ್ಸೆಗೆ ಕೋಡ್ ಹಾಕೋ) ಕೆಲಸಕ್ಕೆ ಹೋಗಲಾ, ಎಂಎಸ್ಸಿ ಮಾಡಲಾ ಅಂತ ಹೋದ ವರ್ಷ ನಿಮ್ಮನ್ನೆಲ್ಲ ಕೇಳಿದ್ದೆನಲ್ಲ, ಸೇರಿಬಿಟ್ಟೆ. ಬೆಂಗಳೂರು ವಿಶ್ವವಿದ್ಯಾಲಯ, ಜ್ಞಾನಭಾರತಿ, ಪ್ರಾಣಿಶಾಸ್ತ್ರ.

ಜಾಮ್ (ಐಐಟಿಯಂಥ ಕಡೆ ಎಂಎಸ್ಸಿ ಸೇರೋಕೆ ಇರೋ ಪ್ರವೇಶ ಪರೀಕ್ಷೆ) ಬರಿ ಅಂದಿದ್ದಿರಿ, ಬರೆದೆ. ಬಯೋಟೆಕ್ನಾಲಜಿ ಪೇಪರ್‌ನಲ್ಲಿ ಪಿಯುಸಿ ಮಟ್ಟದ ಗಣಿತ, ಭೌತಶಾಸ್ತ್ರವೂ ಇರುತ್ತದೆ, ನಾನು ಅದನ್ನ ಮುಟ್ಟಿ ಮೂರು ವರ್ಷ ಆಗಿತ್ತು, ಇನ್ನೇನಾಗುತ್ತದೆ! ಒಂದು ಖಾಸಗಿ ಕಾಲೇಜಿನವರು ರಸೀದಿ ಇಲ್ಲದೆ ದುಡ್ಡು ಕೇಳಿದರು, ಅಪ್ಪ ಅಲ್ಲಿಂದ ಸುಮ್ನೆ ಎದ್ದು ಬಂದರು.

ಲ್ಯಾಬ್ ಮಾತ್ರ ಭಾರಿ ಇಷ್ಟವಾಗಿದೆ. ಮೊದಲ ಸಲ ಡಿಎನ್‌ಎ ಜೆಲ್ ಓಡಿಸಿದಾಗ (ಜೆಲ್‌ನಲ್ಲಿ ಕರೆಂಟ್ ಹರಿಸಿ ಡಿಎನ್‌ಎ ತುಣುಕುಗಳನ್ನ ಬೇರೆ ಮಾಡೋ ಪ್ರಯೋಗ) ಕೈ ನಡುಗಿ ಪಿಪೆಟ್ ತುದಿ ಅಗರೋಸ್ ಜೆಲ್‌ನಲ್ಲಿ ಸ್ಯಾಂಪಲ್ ಹಾಕೋ ಗುಳಿಯನ್ನೇ ತೂತು ಮಾಡಿತು. ಎರಡನೇ ಸಲ ಕೆಂಪು, ಕಪ್ಪು ವೈರ್ ಅದಲುಬದಲು ಮಾಡಿದ್ದೆ. ಡಿಎನ್‌ಎಗೆ ಋಣ ವಿದ್ಯುದಂಶ ಇರುತ್ತದೆ, ಅದು ಧನ ಧ್ರುವದ ಕಡೆಗೇ ಹೋಗೋದು, ಹಾಗಾಗಿ ನನ್ನ ಸ್ಯಾಂಪಲ್ ಅದಕ್ಕೆ ಬೆರೆಸಿದ್ದ ನೀಲಿ ಬಣ್ಣದ ಸಮೇತ ಹಿಂದಕ್ಕೆ ಓಡಿ ಜೆಲ್‌ನಿಂದಲೇ ಆಚೆ ಹೋಯಿತು. ಮೇಡಂ ಬೈಯಲಿಲ್ಲ, ನಕ್ಕರು, ಅದೇ ಜಾಸ್ತಿ ನಾಚಿಕೆ ಆಗಿದ್ದು.

ಖರ್ಚಿಗೆ ಸಂಜೆ ಪಿಯುಸಿ ಮಕ್ಕಳಿಗೆ ಟ್ಯೂಷನ್ ಮಾಡ್ತಿದ್ದೇನೆ. ಕೋಡಿಂಗ್ ಕೆಲಸದವರು ಮತ್ತೆ ಫೋನ್ ಮಾಡಿದ್ದರು. ಎತ್ತಲಿಲ್ಲ.