‘ಫ್ಲ್ಯಾಶ್ ಇನ್ ದ ಪ್ಯಾನ್’: ಇದು ಯಾವ ಪ್ಯಾನ್?

ಪ್ರಶ್ನೆ:
ಒಂದೇ ಹಾಡಿನಿಂದ ಹೆಸರಾಗಿ, ಆಮೇಲೆ ಸುದ್ದಿಯೇ ಇಲ್ಲದ ಗಾಯಕನನ್ನು ಇಂಗ್ಲಿಷಿನಲ್ಲಿ ‘ಫ್ಲ್ಯಾಶ್ ಇನ್ ದ ಪ್ಯಾನ್’ ಅನ್ನುತ್ತಾರೆ. ಈ ಪ್ಯಾನ್ ಅಡುಗೆಯ ಬಾಣಲೆಯೋ, ಹೊಳೆಮರಳಿನಲ್ಲಿ ಚಿನ್ನ ಜಾಲಿಸುವ ತಟ್ಟೆಯೋ? ಕನ್ನಡದಲ್ಲಿ ‘ಆರಂಭಶೂರ’ ಅಂದರೆ ಸರಿಹೋಗುತ್ತದೆಯೇ?

ಉತ್ತರ 1:
ಎರಡೂ ಅಲ್ಲ. ಇದು ಚಕಮಕಿ ಕಲ್ಲಿನ ಹಳೇ ಬಂದೂಕಿನ ಮಾತು. ನಳಿಗೆಯ ಬುಡದಲ್ಲಿ, ಹೊರಮೈಗೆ ಅಂಟಿಕೊಂಡು ಒಂದು ಪುಟ್ಟ ಬಟ್ಟಲಿರುತ್ತದೆ, ಅದೇ ಪ್ಯಾನ್. ಅಲ್ಲಿಂದ ನಳಿಗೆಯೊಳಕ್ಕೆ ಸುಮಾರು ಒಂದೂವರೆ ಮಿಲಿಮೀಟರ್ ಅಗಲದ ತೂತು. ಬಟ್ಟಲಿಗೆ ಚಿಟಿಕೆ ಮದ್ದು, ನಳಿಗೆಯಲ್ಲಿ ಗುಂಡಿನ ಹಿಂದೆ ಮುಖ್ಯ ಮದ್ದು. ಟ್ರಿಗರ್ ಒತ್ತಿದಾಗ ಕಲ್ಲು ಉಕ್ಕಿನ ಪಟ್ಟಿಯನ್ನು ಕೆರೆದುಕೊಂಡು ಇಳಿಯುತ್ತದೆ. ಪಟ್ಟಿ ಮಗುಚಿ ಬಟ್ಟಲಿನ ಬಾಯಿ ತೆರೆದು ಕಿಡಿ ಬೀಳುತ್ತದೆ. ಭಗ್ಗೆಂದ ಉರಿ ತೂತಿನೊಳಕ್ಕೆ ದಾಟಿದರೆ ಈಡು ಹಾರಿತು. ದಾಟದಿದ್ದರೆ ಬೆಳಕು, ಹೊಗೆ, ಅಷ್ಟೇ. ಗುಂಡು ಇದ್ದಲ್ಲೇ ಇರುತ್ತದೆ.

ಚಿನ್ನದ ಕಥೆ ಕಾಲಕ್ಕೇ ಹೊಂದುವುದಿಲ್ಲ. ಆ ಕಥೆ ಹೇಳುವ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿದ್ದು 1848ರಲ್ಲಿ. ಇಂಗ್ಲೆಂಡಿನ ನಾಟಕಕಾರ ಎಲ್ಕಾನಾ ಸೆಟಲ್ ಕವಿ ಡ್ರೈಡನ್‌ನನ್ನು ಟೀಕಿಸುತ್ತ ಈ ಮಾತು ಬಳಸಿದ್ದು 1687ರಲ್ಲಿ, ಅದೂ ಫಿರಂಗಿಯ ಪ್ರಸ್ತಾಪದಲ್ಲಿ.

ಉತ್ತರ 2:
ಉರಿ ಯಾಕೆ ದಾಟುವುದಿಲ್ಲ ಅನ್ನುವುದನ್ನೂ ಸೇರಿಸುತ್ತೇನೆ. ಕರಿಮದ್ದು ಉರಿದಾಗ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗುವುದೇ ಇಲ್ಲ, ಹೊಗೆಯಲ್ಲಿ ತೇಲುವ ಪುಡಿಯಾಗಿ, ಮಸಿಯಾಗಿ ಉಳಿಯುತ್ತದೆ. ಆ ಮಸಿ ಗಾಳಿಯ ತೇವ ಹೀರಿ ಅಂಟಾಗಿ ತೂತನ್ನು ಕಟ್ಟುತ್ತದೆ. ಅದಕ್ಕೇ ಸಿಪಾಯಿಗಳ ಬಳಿ ತೂತು ಚುಚ್ಚಿ ಬಿಡಿಸುವ ತಂತಿ ಇರುತ್ತಿತ್ತು. ಒಳಗಿನ ಮದ್ದು ಒದ್ದೆಯಾಗಿದ್ದರೂ ಇದೇ ಗತಿ. ಬಟ್ಟಲನ್ನು ತೂತು ಮುಚ್ಚುವಷ್ಟು ತುಂಬಿಸುವುದೂ ತಪ್ಪು: ಆಗ ಮದ್ದು ಬತ್ತಿಯ ಹಾಗೆ ಕಾಳುಕಾಳಾಗಿ ಉರಿದು ಈಡು ತಡವಾಗುತ್ತದೆ. ಆದ್ದರಿಂದ ಬರೀ ಬಟ್ಟಲು ಹೊತ್ತಿತೆಂದು ಬಂದೂಕನ್ನು ಕೂಡಲೇ ತಿರುಗಿಸಬಾರದು. ಗುರಿಯತ್ತಲೇ ಹಿಡಿದು ಕಾದು, ಆಮೇಲೆ ತೂತು ಬಿಡಿಸಿ, ಬಟ್ಟಲಿಗೆ ಹೊಸ ಮದ್ದು ಹಾಕಬೇಕು.

ಉತ್ತರ 3:
ಅನುವಾದಕ್ಕೆ ‘ಆರಂಭಶೂರ’ ಒಗ್ಗದು. ಹುರುಪಿನಿಂದ ಶುರುಮಾಡಿ ಕೈಬಿಡುವವನು ಆರಂಭಶೂರ. ಅಲ್ಲಿ ದೂರು ಅವನ ಛಲದ ಮೇಲೆ. ನಿಮ್ಮ ಗಾಯಕ ಗೆದ್ದಿದ್ದಾನೆ, ಆ ಗೆಲುವು ಮರಳಿ ಬರಲಿಲ್ಲ ಅಷ್ಟೆ. ‘ಒಮ್ಮೆ ಮಿಂಚಿ ಮರೆಯಾದ’ ಅನ್ನಿ. ಆದರೆ ಹಳೇ ಇಂಗ್ಲಿಷ್ ಬರಹದಲ್ಲಿ ಈ ಮಾತು ಸಿಕ್ಕರೆ ಜೋಪಾನ. ಅಲ್ಲಿ ಗೆಲುವಿನ ಸುಳಿವೇ ಇರುವುದಿಲ್ಲ, ಅಬ್ಬರವಾಗಿ ಶುರುವಾಗಿ ವಿಫಲವಾದ ಪ್ರಯತ್ನವೆಂದೇ ಅರ್ಥ. ಅಂಥ ಕಡೆ ‘ಹುಸಿಹೋದ ಈಡು’ ಸರಿಯಾಗಿ ಕೂರುತ್ತದೆ.