ಪ್ರಾಸ್ಟೇಟ್ ಆಪರೇಷನ್ ಆದ ಮೇಲೆ ಅಪ್ಪನಿಗೆ ಪದೇ ಪದೇ ಅರ್ಜೆಂಟ್, ಏನು ಮಾಡಲಿ?

ಹಾಸನದ ಮಗಳು:
ಅಪ್ಪನಿಗೆ 71 ವರ್ಷ. ಟಿಯುಆರ್‌ಪಿ (ಮೂತ್ರನಾಳದ ಮೂಲಕ ಪ್ರಾಸ್ಟೇಟ್ ಕೆರೆದು ತೆಗೆಯುವ ಆಪರೇಷನ್) ಆಗಿ, ಕ್ಯಾಥೆಟರ್ (ಮೂತ್ರದ ಪೈಪ್) ಇಟ್ಟುಕೊಂಡೇ ಮನೆಗೆ ಬಂದಿದ್ದಾರೆ. ನೋವು ಅಷ್ಟೇನಿಲ್ಲ. ಆದರೆ ಚೀಲಕ್ಕೆ ಮೂತ್ರ ಬರುತ್ತಿದ್ದರೂ "ತಡೆಯೋಕಾಗ್ತಿಲ್ಲ, ಬಾತ್‌ರೂಮಿಗೆ ಕರ್ಕೊಂಡು ಹೋಗು" ಎಂದು ಎದ್ದು ಕೂರುತ್ತಾರೆ. ಪೈಪಿನ ಪಕ್ಕದಿಂದ ಸೋರಿ ಪಂಚೆ ಒದ್ದೆಯಾಗುತ್ತದೆ. ನನ್ನ ಮುಂದೆ ಅವರಿಗೆ ತುಂಬಾ ನಾಚಿಕೆ.

ಯುರಾಲಜಿ ವಾರ್ಡ್ ನರ್ಸ್:
ಇದು ಮೂತ್ರಕೋಶದ ಸ್ಪಾಸಂ, ಅಂದರೆ ತಾನಾಗಿ ಬರುವ ಸೆಳೆತ. ಕ್ಯಾಥೆಟರ್ ಜಾರದಂತೆ ಒಳಗೊಂದು ನೀರು ತುಂಬಿದ ಬಲೂನ್ ಇರುತ್ತದೆ. ಅದು ಕೆಳಗೆ ಒತ್ತಿದಾಗ ಮೂತ್ರ ತುಂಬಿದೆ ಅನ್ನಿಸಿ ಮೂತ್ರಕೋಶ ಹಿಂಡುತ್ತದೆ. ಸೋರುವುದೂ ಅದಕ್ಕೇ. ಅಪ್ಪನಿಗೆ ಇದನ್ನು ಬಿಡಿಸಿ ಹೇಳಿ. ತಮ್ಮ ಹಿಡಿತ ತಪ್ಪಿದೆ ಅಂದುಕೊಂಡು ಒಳಗೊಳಗೇ ಕೊರಗುವವರನ್ನು ವಾರ್ಡಿನಲ್ಲಿ ಬಹಳ ನೋಡುತ್ತೇನೆ. ಅರ್ಜೆಂಟ್ ಅನ್ನಿಸಿದಾಗ ಮುಕ್ಕಬಾರದು. ಉಸಿರು ನಿಧಾನವಾಗಿ ಬಿಡಲಿ, ಸೆಳೆತ ತಾನಾಗಿ ಇಳಿಯುತ್ತದೆ.

ಮೊದಲು ಪೈಪ್ ತೊಡೆಯ ಕೆಳಗೆ ಮಡಚಿದೆಯಾ ನೋಡಿ. ಸ್ವಲ್ಪ ಸಡಿಲ ಬಿಟ್ಟು ತೊಡೆಗೆ ಟೇಪ್ ಹಾಕಿ. ಪೈಪ್ ಎಳೆದಷ್ಟೂ ಸ್ಪಾಸಂ ಜಾಸ್ತಿ. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. ಮಲಬದ್ಧತೆ ಇದ್ದರೂ ಕಾಟ ಹೆಚ್ಚು. ಇಷ್ಟಕ್ಕೂ ಬಗ್ಗದಿದ್ದರೆ ಡಾಕ್ಟರನ್ನು ಕೇಳಿ, ಸೊಲಿಫೆನಾಸಿನ್‌ನಂಥ ಮಾತ್ರೆಗಳಿವೆ. ವಯಸ್ಸಾದವರಿಗೆ ಅದರಿಂದ ಬಾಯಿ ಒಣಗಬಹುದು, ಮಂಪರು, ಗೊಂದಲ ಆಗಬಹುದು. ಅಂಗಡಿಯಲ್ಲಿ ನೀವೇ ಕೇಳಿ ತಂದು ಕೊಡಬೇಡಿ.

ಚೀಲಕ್ಕೆ ಏನೂ ಬರದೆ ಕಿಬ್ಬೊಟ್ಟೆ ಬಿಗಿದರೆ, ಗಡ್ಡೆ ಗಡ್ಡೆ ರಕ್ತ ಬಂದರೆ, ಚಳಿಜ್ವರ ಬಂದರೆ ಬೆಳಗಿನವರೆಗೆ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೊರಡಿ.

ಶಿವಮೊಗ್ಗದ ನಿವೃತ್ತ ಮೇಷ್ಟ್ರು:
ನನಗೂ ಇದೇ ಆಪರೇಷನ್ ಆಗಿತ್ತು. ಪ್ಯಾಂಟಿಗಿಂತ ಲುಂಗಿಯೇ ಹಿತ. ಹಾಸಿಗೆ ಮೇಲೆ ಅಂಡರ್‌ಪ್ಯಾಡ್ ಹಾಕಿದ ಮೇಲೆ ಸೋರುವ ಭಯ ಹೋಗಿ ನಿದ್ದೆ ಬಂತು. ಚೀಲ ಖಾಲಿ ಮಾಡುವುದನ್ನು ನಾನೇ ಕಲಿತೆ. ಮಗನ ಮುಂದೆ ಆಗುತ್ತಿದ್ದ ಸಂಕೋಚ ಕಡಿಮೆಯಾಗಿದ್ದು ಅದರಿಂದಲೇ. ನಿಮ್ಮ ಅಪ್ಪನಿಗೂ ಕಲಿಸಿಕೊಡಿ.

ಹಾಸನದ ಮಗಳು:
ಪೈಪ್ ನಿಜಕ್ಕೂ ಬಿಗಿಯಾಗಿ ಎಳೆದುಕೊಂಡಿತ್ತು. ಸಡಿಲ ಮಾಡಿ ಟೇಪ್ ಹಾಕಿದೆ, ಈಗ ಮಲಗಿದ್ದಾರೆ. ಮೂತ್ರ ತಿಳಿ ಗುಲಾಬಿ ಬಣ್ಣ ಇದೆ, ಪರವಾಗಿಲ್ವಾ?

ಯುರಾಲಜಿ ವಾರ್ಡ್ ನರ್ಸ್:
ಪರವಾಗಿಲ್ಲ. ಡಾಕ್ಟರ್ ನೀರಿಗೆ ಮಿತಿ ಹೇಳಿಲ್ಲವಾದರೆ ದಿನಕ್ಕೆ 2 ಲೀಟರ್‌ನಷ್ಟು ಕುಡಿಸಿ. ಎರಡನೇ ವಾರದ ಹೊತ್ತಿಗೆ ಒಳಗಿನ ಹಕ್ಕಳೆ ಉದುರುವಾಗ ಮತ್ತೆ ಸ್ವಲ್ಪ ಕೆಂಪಾಗಬಹುದು. ಆಗ ಹೆದರಬೇಡಿ, ನೀರು ಹೆಚ್ಚಿಸಿ. ತಿಳಿಯಾಗದೆ ಗಾಢವಾಗುತ್ತಲೇ ಹೋದರೆ ಮಾತ್ರ ಡಾಕ್ಟರಿಗೆ ಫೋನ್ ಮಾಡಿ.